ಲಿಫ್ಟಿನ ತಗಡಿನ ಮೇಲಿದ್ದ ಸಂಖ್ಯೆ

ನನ್ನ ದೊಡ್ಡಪ್ಪ ತಮ್ಮ ದುಡಿಮೆಯ ಕಾಲದ ಬಹುಪಾಲನ್ನು ಕಳೆದದ್ದು ಐದಾರು ಜನ ನಿಂತರೆ ಮೈಗೆ ಮೈ ತಾಗುವಂಥ ಒಂದು ಪೆಟ್ಟಿಗೆಯಲ್ಲಿ. ಅವರು ಲಿಫ್ಟ್ ಓಡಿಸುತ್ತಿದ್ದರು.

ಹರೆಯದಲ್ಲಿ ಒಂದು ಗೋದಾಮಿನಲ್ಲಿ ಮೂಟೆ ಎತ್ತುವ ಕೆಲಸ ಮಾಡಿಕೊಂಡಿದ್ದರಂತೆ. ಒಂದು ದಿನ ಮೂಟೆಗಳ ಅಟ್ಟಿ ಕುಸಿದು ಬಲಗಾಲಿನ ಮಂಡಿ ಜಜ್ಜಿಹೋಯಿತು. ಕಾಲು ಉಳಿಯಿತು, ಆದರೆ ಮಡಚಲು ಬಾರದಂತಾಯಿತು. ಗೋದಾಮಿನ ಯಜಮಾನರಿಗೆ ಆರು ಮಹಡಿಯ ಇನ್ನೊಂದು ಕಟ್ಟಡವಿತ್ತು. ಅದರ ತುಂಬ ಬಾಡಿಗೆಗೆ ಬಂದ ಕಚೇರಿಗಳು. "ಕೂತು ಮಾಡೋ ಕೆಲಸ ಕೊಡ್ತೀನಿ ಬಾ" ಎಂದು ಅವರನ್ನು ಅಲ್ಲಿನ ಲಿಫ್ಟಿನೊಳಗೆ ಸ್ಟೂಲ್ ಹಾಕಿ ಕೂರಿಸಿದರು. ಮದುವೆಯ ಮಾತು ಒಂದೆರಡು ಕಡೆ ಎದ್ದು, ಕಾಲಿನ ವಿಷಯ ಬಂದಾಗ ತಣ್ಣಗಾಯಿತು. ಅಜ್ಜಿ ತೀರಿಕೊಂಡ ಮೇಲೆ ದೊಡ್ಡಪ್ಪ ನಮ್ಮ ಮನೆಗೆ ಬಂದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಂಚ ಹಾಕಿಕೊಂಡರು. ಅಪ್ಪನಿಗೆ ಅಣ್ಣನೆಂದರೆ ಗೌರವವಿತ್ತು. ಅಮ್ಮ ಹೊತ್ತುಹೊತ್ತಿಗೆ ಬಡಿಸುತ್ತಿದ್ದಳು. ಅವರ ಮನಸ್ಸು ನೋಯುವಂಥದ್ದನ್ನು ಯಾರೂ ಮಾಡಲಿಲ್ಲ. ಆದರೆ ಅವರ ಜೊತೆ ಕೂತು ಯಾರೂ ಮಾತಾಡಲೂ ಇಲ್ಲ. "ಊಟ ಆಯ್ತಾ?" "ಹೂಂ." "ದೀಪ ಆರಿಸ್ಲಾ?" "ಆರಿಸು." ಇಷ್ಟರಲ್ಲಿ ದಿನ ಮುಗಿದುಹೋಗುತ್ತಿತ್ತು.

ಕೆಲಸದಲ್ಲೂ ಅಷ್ಟೆ. ಲಿಫ್ಟಿಗೆ ಹತ್ತಿದವರು ಒಳಗೆ ಬಂದು ತಕ್ಷಣ ಬಾಗಿಲ ಕಡೆ ಮುಖ ತಿರುಗಿಸಿ ನಿಲ್ಲುತ್ತಾರೆ. ಹಿಂದೆ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತವರಿಗೆ ಕಾಣುವುದು ಬೆನ್ನು, ಕುತ್ತಿಗೆ, ಬೆವರಿನ ಕಲೆ, ಬಿಚ್ಚಿಕೊಂಡ ಜಡೆ. "ಮೂರು", "ಐದು", "ಕೆಳಗೆ" ಎನ್ನುವುದನ್ನು ಬಿಟ್ಟು ಅವರ ಕಿವಿಗೆ ಬೇರೆ ಮಾತು ಬೀಳುತ್ತಿದ್ದದ್ದು ಅಪರೂಪ.

ಸ್ಟೂಲಿನ ಎದುರಿಗೆ, ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಒಂದು ಹಿತ್ತಾಳೆ ತಗಡು. ಅದರ ಮೇಲೆ ತಯಾರಿಸಿದವರ ಹೆಸರು, ಎಷ್ಟು ಜನ ಹತ್ತಬಹುದು ಎಂಬ ಎಚ್ಚರಿಕೆ, ಅದರ ಕೆಳಗೆ ಉಳಿಯಿಂದ ಹೊಡೆದಂತೆ ಒಂಬತ್ತು ಅಂಕೆಗಳು: 829348951. ಎಂಬತ್ತೆರಡು ಕೋಟಿ ತೊಂಬತ್ತಮೂರು ಲಕ್ಷ ನಲವತ್ತೆಂಟು ಸಾವಿರದ ಒಂಬೈನೂರ ಐವತ್ತೊಂದು. ಮೊದಲ ವರ್ಷವೆಲ್ಲ ಅದನ್ನು ಬರೀ ನೋಡಿದರು. ಆಮೇಲೆ ಯಾವುದೋ ಬೇಸರದ ಮಧ್ಯಾಹ್ನ, ಲಿಫ್ಟು ಖಾಲಿ ನಿಂತಿದ್ದಾಗ, ಇದು ಮೂರರಿಂದ ಭಾಗ ಹೋಗುತ್ತದೆಯೇ ಎಂದು ಲೆಕ್ಕ ಹಾಕಿದರು. ಅಂಕೆಗಳನ್ನೆಲ್ಲ ಕೂಡಿದರೆ ನಲವತ್ತೊಂಬತ್ತು; ಹೋಗುವುದಿಲ್ಲ. ಮರುದಿನ ಏಳನ್ನು ಹಿಡಿದರು.

ದೊಡ್ಡಪ್ಪ ಶಾಲೆಯಲ್ಲಿ ಗಣಿತದ ಹುಲಿಯೇನಲ್ಲ, ಹತ್ತನೇ ತರಗತಿಯನ್ನು ಎರಡನೇ ಪ್ರಯತ್ನದಲ್ಲಿ ದಾಟಿದವರು. ಆದರೆ ಅವರ ಮೇಷ್ಟ್ರು ಹೇಳಿಕೊಟ್ಟಿದ್ದ ಒಂದು ಚಮತ್ಕಾರ ತಲೆಯಲ್ಲಿ ಉಳಿದುಕೊಂಡಿತ್ತು. ಸಂಖ್ಯೆಯನ್ನು ಮೂರು ಮೂರು ಅಂಕೆಯ ತುಂಡು ಮಾಡು. ಕೊನೆಯ ತುಂಡಿನಿಂದ ನಡುವಿನದನ್ನು ಕಳೆ, ಮೊದಲಿನದನ್ನು ಕೂಡಿಸು. ಬಂದದ್ದು ಏಳರಿಂದ ಹೋದರೆ ಇಡೀ ಸಂಖ್ಯೆಯೂ ಹೋಗುತ್ತದೆ. ಹನ್ನೊಂದಕ್ಕೂ ಹದಿಮೂರಕ್ಕೂ ಇದೇ ದಾರಿ. ಒಂಬೈನೂರ ಐವತ್ತೊಂದರಿಂದ ಮುನ್ನೂರ ನಲವತ್ತೆಂಟು ಕಳೆದು ಎಂಟುನೂರ ಇಪ್ಪತ್ತೊಂಬತ್ತು ಕೂಡಿಸಿದರೆ 1432. ಏಳರಿಂದ ಭಾಗಿಸಿದರೆ ನಾಲ್ಕು ಉಳಿಯಿತು. ಹನ್ನೊಂದಕ್ಕೆ ಎರಡು, ಹದಿಮೂರಕ್ಕೂ ಎರಡೇ. ಒಂದೇ ಪೆಟ್ಟಿಗೆ ಮೂರು ಸಂಖ್ಯೆ ಕೈಬಿಟ್ಟು ಹೋದವು. ಅವರಿಗೆ ಹಟ ಹಿಡಿಯಿತು. ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು ಎಂದು ಶುರು ಮಾಡಿದರು. ಕಚೇರಿಗಳು ಬಿಸಾಡಿದ ಹಾಳೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ಮಡಚದ ಕಾಲಿನ ಮೇಲೆ ರಟ್ಟು ಇಟ್ಟುಕೊಂಡು ಭಾಗಿಸುವುದು, ಶೇಷ ಉಳಿದರೆ ಹರಿದು ಎಸೆಯುವುದು. ಜನ ಹತ್ತಿ ಇಳಿಯುವುದರ ನಡುವೆ ದಿನಕ್ಕೆ ಎರಡೋ ಮೂರೋ ಆಗುತ್ತಿತ್ತು. ಕಟ್ಟಡದಲ್ಲಿ ಅವರಿಗೆ "ಭಾಗಾಕಾರ" ಎಂದು ಹೆಸರು ಬಿತ್ತು. ಮುಖದ ಮೇಲೆ ಯಾರೂ ಕರೆಯಲಿಲ್ಲ. ಆದರೆ ಬೆನ್ನು ಹಾಕಿ ನಿಂತವರು ಹಿಂದಿರುವವರಿಗೆ ಕೇಳಿಸುವುದಿಲ್ಲ ಎಂದುಕೊಂಡಿರುತ್ತಾರೆ.

ಅವರ ಕಡೆ ತಿರುಗಿ ನಿಂತು ಮಾತಾಡಿಸಿದ ಮೊದಲ ಮನುಷ್ಯರು ಐದನೇ ಮಹಡಿಯ ಟೈಪಿಸ್ಟ್. ದೊಡ್ಡಪ್ಪ ಕೊನೆಯವರೆಗೂ ಅವರನ್ನು "ಟೈಪಿಸ್ಟ್ ಮೇಡಂ" ಎಂದೇ ಕರೆದರು, ನಾನೂ ಹಾಗೆಯೇ ಕರೆಯುತ್ತೇನೆ. ನಲವತ್ತು ದಾಟಿದ್ದ, ಮದುವೆಯಾಗದೆ ಅಣ್ಣನ ಸಂಸಾರದ ಜೊತೆ ಇದ್ದ ಹೆಂಗಸು. ಉಳಿದವರಿಗಿಂತ ಮೊದಲೇ ಬರುತ್ತಿದ್ದರು, ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದರು. ಆ ಹೊತ್ತಿಗೆ ಲಿಫ್ಟಿನಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ.

"ಏನ್ರೀ ಅದು, ಯಾವಾಗ್ಲೂ ಗೀಚ್ತಿರ್ತೀರಲ್ಲ?" ಎಂದು ಒಂದು ಬೆಳಿಗ್ಗೆ ಕೇಳಿದರು.

ದೊಡ್ಡಪ್ಪ ತಗಡಿನ ಕಡೆ ಬೆರಳು ಮಾಡಿದರು. "ಇದು ಒಡೆಯುತ್ತೋ ಇಲ್ವೋ ಅಂತ ನೋಡ್ತಿದ್ದೀನಿ ಮೇಡಂ."

"ಒಡೆದು ಏನ್ ಮಾಡ್ತೀರಿ?"

"ಏನೂ ಮಾಡಲ್ಲ."

ಮೇಡಂ ನಕ್ಕುಬಿಟ್ಟರು. ನಗುತ್ತಲೇ ಐದನೇ ಮಹಡಿಯಲ್ಲಿ ಇಳಿದರು. ಸಂಜೆ ಮತ್ತೆ ಹತ್ತಿದಾಗ ಕೇಳಿದ್ದು, "ಎಲ್ಲಿಗೆ ಬಂತು ನಿಮ್ ಸವಾರಿ?"

ಅಂದಿನಿಂದ ಅದು ದಿನದ ಮಾತಾಯಿತು. ಬೆಳಿಗ್ಗೆ ಐದು ಮಹಡಿ, ಸಂಜೆ ಐದು ಮಹಡಿ. ಲಿಫ್ಟು ಹಳೆಯದು, ನಿಧಾನವಾಗಿ ನರಳುತ್ತ ಏರುತ್ತಿತ್ತು. ಅಷ್ಟರಲ್ಲಿ ಎಷ್ಟು ಮಾತಾಗುತ್ತದೋ ಅಷ್ಟೇ. "ಎರಡು ಸಾವಿರ ದಾಟ್ದೆ ಮೇಡಂ." "ಅಯ್ಯೋ, ನಿನ್ನೆ ಇನ್ನೂ ಹಿಂದೆ ಇದ್ರಿ!" "ನಿನ್ನೆ ಸ್ಟೇಷನರಿ ಸಾಮಾನು ಬಂತು, ಇಡೀ ದಿನ ಮೇಲೆ ಕೆಳಗೆ ಆಯ್ತು." ಯಾರಾದರೂ ನಡುವೆ ಹತ್ತಿದರೆ ಇಬ್ಬರೂ ಬಾಯಿ ಮುಚ್ಚಿಕೊಂಡು ಬಾಗಿಲು ನೋಡುತ್ತಿದ್ದರು, ಕಳ್ಳತನ ಮಾಡುತ್ತಿದ್ದವರ ಹಾಗೆ.

"ಎಲ್ಲೀವರೆಗೆ ಹೋಗ್ಬೇಕು? ಇದಕ್ಕೊಂದು ಕೊನೆ ಇದೆಯಾ?" ಎಂದು ಮೇಡಂ ಒಮ್ಮೆ ಕೇಳಿದರು.

"ಇದೆ. ಇಪ್ಪತ್ತೆಂಟು ಸಾವಿರದ ಏಳುನೂರ ತೊಂಬತ್ತೆಂಟು."

"ಅದ್ಯಾಕೆ ಅಲ್ಲಿಗೇ?"

"ಅದರ ಮುಂದಿನ ಸಂಖ್ಯೇನ ಅದರಿಂದಲೇ ಗುಣಿಸಿದ್ರೆ ನಮ್ಮದನ್ನ ದಾಟಿಬಿಡುತ್ತೆ. ಇದು ಎರಡು ತುಂಡಾಗೋದಾದ್ರೆ ಒಂದು ತುಂಡಾದ್ರೂ ಅಷ್ಟರೊಳಗೆ ಇರ್ಲೇಬೇಕು. ಅಲ್ಲೀವರೆಗೆ ಯಾವುದೂ ಸಿಗಲಿಲ್ಲ ಅಂದ್ರೆ ಇದು ಒಡೆಯಲ್ಲ. ಅವಿಭಾಜ್ಯ."

ಮೇಡಂ ತಗಡಿನ ಕಡೆ ತಿರುಗಿದರು. "ಅಂದ್ರೆ ಯಾರಿಗೂ ಭಾಗ ಕೊಡದೆ ಒಂಟಿಯಾಗೇ ಇರುತ್ತೆ ಅನ್ನಿ."

ಅಷ್ಟರಲ್ಲಿ ಐದನೇ ಮಹಡಿ ಬಂತು.

ಕೆಲವು ವಾರಗಳ ನಂತರ ಅವರು ಒಂದು ಕಟ್ಟು ಹಾಳೆಗಳನ್ನು ತಂದು ದೊಡ್ಡಪ್ಪನ ತೊಡೆಯ ಮೇಲಿಟ್ಟರು. ಗ್ರಂಥಾಲಯದಲ್ಲಿ ಹಳೆಯ ಕೋಷ್ಟಕಗಳ ಪುಸ್ತಕ ಹುಡುಕಿ, ಬಿಡುವಿನಲ್ಲಿ ಕೂತು, ಮೂವತ್ತು ಸಾವಿರದವರೆಗಿನ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ಟೈಪ್ ಮಾಡಿದ್ದರು. ಹಾಳೆಗೆ ಐವತ್ತರಂತೆ ಅರವತ್ತಕ್ಕೂ ಹೆಚ್ಚು ಹಾಳೆ, ಎಲ್ಲೂ ಒಂದು ಅಳಿಸಿದ ಗುರುತಿಲ್ಲ. ಯಾವುದರಿಂದ ಭಾಗಿಸಬೇಕು ಎಂದು ಹುಡುಕುವ ಕೆಲಸವೇ ತಪ್ಪಿತು. ಒಡೆಯುವ ಸಂಖ್ಯೆಗಳಿಂದ ಭಾಗಿಸಿ ನೋಡುವ ಅಗತ್ಯವಿಲ್ಲವಲ್ಲ. ದೊಡ್ಡಪ್ಪ ಹಾಳೆಗಳನ್ನು ಒಂದೊಂದಾಗಿ ತಿರುವಿದರು. "ಬೆರಳು ನೋಯ್ಲಿಲ್ವಾ?" ಎಂದರಂತೆ.

"ದಿನಾ ಕಂಡೋರ ಕಾಗದ ಹೊಡೆಯೋ ಬೆರಳು. ಒಂದ್ಸಲ ಬೇಕು ಅನ್ನಿಸಿದ್ದನ್ನ ಹೊಡೀತು," ಎಂದರು ಮೇಡಂ. ಆಮೇಲೆ ಸಂಕೋಚದಿಂದ, "ನನಗೂ ಸ್ವಲ್ಪ ಪಾಲು ಕೊಡ್ತೀರಾ? ಮನೇಲಿ ಊಟ ಆದ್ಮೇಲೆ ನನಗೇನೂ ಕೆಲಸ ಇರಲ್ಲ. ಅತ್ತಿಗೆ ಯಾವುದನ್ನೂ ಮುಟ್ಟೋಕೆ ಬಿಡಲ್ಲ."

ದೊಡ್ಡಪ್ಪ ಆಗ ನಾಲ್ಕು ಸಾವಿರದ ಆಚೆ ಇದ್ದರು. ಹತ್ತೊಂಬತ್ತನೆಯ ಮತ್ತು ಇಪ್ಪತ್ತನೆಯ ಹಾಳೆಗಳನ್ನು ತೆಗೆದುಕೊಟ್ಟರು: ಏಳು ಸಾವಿರದ ಒಂದರಿಂದ ಹಿಡಿದು ಏಳು ಸಾವಿರದ ಒಂಬೈನೂರ ಹತ್ತೊಂಬತ್ತರವರೆಗಿನವು. ಮೇಡಂ ಅವನ್ನು ಚೀಲದಲ್ಲಿ ಮಡಚದೆ, ಪುಸ್ತಕದ ನಡುವೆ ಇಟ್ಟು ಒಯ್ದರು. ಒಂದೆರಡು ತಿಂಗಳಲ್ಲಿ ಪ್ರತಿ ಸಂಖ್ಯೆಯ ಪಕ್ಕ ಪುಟ್ಟ ಗೀಟು ಹಾಕಿ ಮರಳಿಸಿದರು.

"ಏನಾದ್ರೂ ಸಿಕ್ತಾ?" ದೊಡ್ಡಪ್ಪ ಕೇಳಿದರು.

"ಏನೂ ಇಲ್ಲ. ಎಲ್ಲಾದ್ರಲ್ಲೂ ಶೇಷ ಉಳೀತು. ಮುಂದಿನ ಹಾಳೆ ಕೊಡಿ."

ದೊಡ್ಡಪ್ಪ ಕೊಟ್ಟರು. ಹಾಗೆ ಇಬ್ಬರೂ ಹಾಳೆ ಹಂಚಿಕೊಳ್ಳುತ್ತ ಹನ್ನೆರಡು ಸಾವಿರದ ಹತ್ತಿರ ಬಂದರು. ಆ ಕಾಲದಲ್ಲಿ ಅವರು ಹೊರಗೆಲ್ಲೂ ಭೇಟಿಯಾಗಲಿಲ್ಲ. ರಸ್ತೆ ದಾಟಿದರೆ ಟೀ ಅಂಗಡಿ ಇತ್ತು. ಒಂದು ದಿನ ಅಲ್ಲಿಗೆ ಕರೆಯಬೇಕೆಂದು ದೊಡ್ಡಪ್ಪ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದರಂತೆ. ಸಂಜೆ ಲಿಫ್ಟಿನಲ್ಲಿ ಮೇಡಂ ಜೊತೆ ಲೆಕ್ಕಪತ್ರದ ಇಬ್ಬರು ಗುಮಾಸ್ತರು ಇದ್ದರು. ಕರೆಯಲಿಲ್ಲ. ಇನ್ನೊಂದು ದಿನ ಅಂಥ ಧೈರ್ಯ ಕೂಡಿಬರಲಿಲ್ಲ.

ಆಮೇಲೆ ಐದನೇ ಮಹಡಿಗೆ ಕಂಪ್ಯೂಟರು ಬಂದವು. ಟೈಪಿಸ್ಟುಗಳು ಬೇಡವಾದರು. ಆ ಕಚೇರಿಯೇ ಊರಾಚೆಯ ಹೊಸ ಕಟ್ಟಡಕ್ಕೆ ಹೋಯಿತು, ಮೇಡಂ ಅವರನ್ನು ಅವಧಿಗೆ ಮೊದಲೇ ಮನೆಗೆ ಕಳಿಸಿದರು. ಕೊನೆಯ ದಿನ ಲಿಫ್ಟಿಗೆ ಬಿಡುವೇ ಇರಲಿಲ್ಲ. ಕಪಾಟು, ಫ್ಯಾನು, ಮುರಿದ ಕುರ್ಚಿ ಎಲ್ಲವೂ ಕೆಳಗಿಳಿಯುತ್ತಿದ್ದವು. ಮೇಡಂ ಹತ್ತಿದಾಗ ಅವರ ಮತ್ತು ದೊಡ್ಡಪ್ಪನ ನಡುವೆ ಟೈಪ್‌ರೈಟರುಗಳನ್ನು ಒಂದರ ಮೇಲೊಂದು ಪೇರಿಸಿ ಹಿಡಿದ ಹಮಾಲರಿದ್ದರು. ಕೆಳಗೆ ಬಂದಾಗ ಮೇಡಂ ಹಿಂತಿರುಗಿ ನೋಡಿ ಏನೋ ಹೇಳಲು ಬಾಯಿ ತೆರೆದರು. "ಅಮ್ಮಾ, ಸ್ವಲ್ಪ ಜರುಗಿ!" ಎಂದು ಹಮಾಲರು ಕೂಗಿದರು.

"ಬರ್ತೀನಿ," ಎಂದರು ಮೇಡಂ.

"ಹುಷಾರು," ಎಂದರು ದೊಡ್ಡಪ್ಪ. ಅದನ್ನು ತನಗೆ ಹೇಳಿದ್ದೋ ಹಮಾಲರಿಗೋ ಎಂದು ಮೇಡಂಗೆ ಅನುಮಾನ ಬಂದಿರಬೇಕು ಎಂದು ದೊಡ್ಡಪ್ಪ ಬಹಳ ದಿನ ಕೊರಗಿದರಂತೆ.

ಉಳಿದ ಹಾಳೆಗಳನ್ನು ಅವರು ಒಬ್ಬರೇ ಮಾಡಿದರು. ಅದಕ್ಕೆ ವರ್ಷಗಳೇ ಹಿಡಿದವು. "ಎಲ್ಲಿಗೆ ಬಂತು ಸವಾರಿ" ಎಂದು ಕೇಳುವವರಿಲ್ಲದಿದ್ದಾಗ ಭಾಗಾಕಾರ ಕೂಡ ಉದ್ದವಾಗುತ್ತದೆ. ಕೆಲವು ದಿನ ಪೆನ್ಸಿಲ್ ಮುಟ್ಟುತ್ತಲೇ ಇರಲಿಲ್ಲ. ಮತ್ತೆ ಕೆಲವು ದಿನ, ಐದನೇ ಮಹಡಿಯಲ್ಲಿ ಯಾರೂ ಕರೆಯದಿದ್ದರೂ ಲಿಫ್ಟನ್ನು ಅಲ್ಲಿಗೆ ಒಯ್ದು, ಬಾಗಿಲು ತೆರೆದು, ಮುಚ್ಚಿ, ಕೆಳಗೆ ತರುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ಇಪ್ಪತ್ತೆಂಟು ಸಾವಿರದ ಏಳುನೂರರ ಆಚೆಯ ಕೊನೆಯ ಸಂಖ್ಯೆಯಿಂದಲೂ ಭಾಗಿಸಿದರು. ಶೇಷ ಉಳಿಯಿತು. ಕೆಲಸ ಮುಗಿಯಿತು.

ಆಗ ಲಿಫ್ಟಿನಲ್ಲಿ ಒಬ್ಬ ಗೃಹಸ್ಥರು ನಿಂತಿದ್ದರು. ತಡೆಯಲಾಗದೆ ದೊಡ್ಡಪ್ಪ ಅವರಿಗೇ ಹೇಳಿದರು: "ಸಾರ್, ಇದು ಒಡೆಯಲ್ಲ."

"ಏನು, ಗಾಜಾ?" ಎಂದು ಅವರು ಬಾಗಿಲ ಗಾಜು ಮುಟ್ಟಿ ನೋಡಿದರು. ಮೂರನೇ ಮಹಡಿಯಲ್ಲಿ ಇಳಿದುಹೋದರು.

ಈ ಯಾವುದೂ ನಮಗೆ ಮನೆಯಲ್ಲಿ ತಿಳಿದಿರಲಿಲ್ಲ. ತಿಳಿದದ್ದು ಲಿಫ್ಟು ಬದಲಾದಾಗ. ಹೊಸದು ತಾನೇ ನಿಲ್ಲುವ, ತಾನೇ ಬಾಗಿಲು ತೆರೆಯುವ ಲಿಫ್ಟು. ಅದಕ್ಕೆ ಓಡಿಸುವವರು ಬೇಡ. ದೊಡ್ಡಪ್ಪನನ್ನು ಗೇಟಿನ ಬಳಿ ಕೂರಿಸಿದರು. ಹಳೆಯ ಲಿಫ್ಟನ್ನು ಬಿಚ್ಚಿದ ಕೆಲಸಗಾರರು ಹಿತ್ತಾಳೆ ತಗಡನ್ನು ಅವರಿಗೆ ಕೊಟ್ಟಿದ್ದರು. ಅದನ್ನು ಊಟದ ಹೊತ್ತಿನಲ್ಲಿ ಮೇಜಿನ ಮೇಲಿಟ್ಟು, ನಾವು ಕೇಳದಿದ್ದರೂ ಮಾತಾಡಿದರು. ನಾನು ಹುಟ್ಟಿದಾಗಿನಿಂದ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ. ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು.

"ಅಂದ್ರೆ ಇದನ್ನ ಇದರಿಂದಲೇ, ಇಲ್ಲಾ ಒಂದರಿಂದ ಬಿಟ್ರೆ ಇನ್ಯಾವುದರಿಂದಲೂ ಭಾಗಿಸೋಕಾಗಲ್ಲ," ಎಂದು ದೊಡ್ಡಪ್ಪ ಮುಗಿಸಿದರು.

ನಾನಾಗ ಕಾಲೇಜಿನಲ್ಲಿದ್ದೆ. ಅವರು ಸಾಧಿಸಿದ್ದು ಫೋನಿನಲ್ಲೂ ಬಂದರೆ ಅವರಿಗೆ ಖುಷಿಯಾಗುತ್ತದೆ ಎಂದುಕೊಂಡು, ಸಂಖ್ಯೆ ಒಡೆದು ತೋರಿಸುವ ಒಂದು ಪುಟ ತೆರೆದು ಒಂಬತ್ತು ಅಂಕೆಗಳನ್ನು ಒತ್ತಿದೆ. ಉಸಿರೆಳೆಯುವಷ್ಟೂ ಹೊತ್ತಾಗಲಿಲ್ಲ. ತೆರೆಯ ಮೇಲೆ ಬಂದದ್ದು ಎರಡು ಸಂಖ್ಯೆ.

"ಏನ್ ಹೇಳುತ್ತೆ?" ದೊಡ್ಡಪ್ಪ ಕೇಳಿದರು.

"7919 ಗುಣಿಸು 104729 ಅಂತ ತೋರಿಸ್ತಿದೆ ದೊಡ್ಡಪ್ಪ."

ಅವರು ಎದ್ದು ಕೋಣೆಗೆ ಹೋಗಿ ಪೆನ್ಸಿಲ್ ತಂದರು. ತಟ್ಟೆ ಪಕ್ಕಕ್ಕೆ ಸರಿಸಿ, ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಭಾಗಿಸಿದರು. ಶೇಷ ಸೊನ್ನೆ. ಗುಣಿಸಿ ನೋಡಿದರು. ಸರಿಯಾಗಿ ಬಂತು. ಆಮೇಲೆ ತಮಗೆ ತಾವೇ ಎಂಬಂತೆ ಅಂದರು, "ಇಪ್ಪತ್ತನೇ ಹಾಳೆ. ಕೊನೇ ಸಾಲು."

"ಎಲ್ಲೋ ಕೈತಪ್ಪಿರುತ್ತೆ ಬಿಡೋ ಅಣ್ಣಾ," ಎಂದರು ಅಪ್ಪ.

"ಅವರ ಕೈ ತಪ್ಪಲ್ಲ," ಎಂದರು ದೊಡ್ಡಪ್ಪ.

ಮೇಡಂ ಅವರ ವಿಳಾಸವನ್ನು ಹಳೆಯ ಗುಮಾಸ್ತರೊಬ್ಬರಿಂದ ಪಡೆಯಲು ದೊಡ್ಡಪ್ಪನಿಗೆ ಕಷ್ಟವಾಗಲಿಲ್ಲ. ಇಷ್ಟು ವರ್ಷ ಯಾಕೆ ಕೇಳಿರಲಿಲ್ಲ ಎಂದರೆ, ಅಲ್ಲಿಗೆ ಯಾವ ಬಸ್ಸು ಎಂದು ನನ್ನನ್ನೇ ಕೇಳಿದರು. ಊರಿನ ಇನ್ನೊಂದು ತುದಿ, ಎರಡು ಬಸ್ಸು ಬದಲಿಸಬೇಕು. ಆ ಕಾಲಿನಿಂದ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾದ್ದರಿಂದ ನಾನು ಜೊತೆಗೆ ಹೋದೆ. ಇಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ಬಹುಪಾಲು ಅವರು ಆ ಬಸ್ಸಿನಲ್ಲಿ, ಕಿಟಕಿಯ ಹೊರಗೆ ನೋಡುತ್ತ ಹೇಳಿದ್ದು.

ಬಾಗಿಲು ತೆರೆದದ್ದು ಮೇಡಂ ಅವರೇ. ತಲೆ ಪೂರಾ ಬೆಳ್ಳಗಾಗಿತ್ತು, ಬೆರಳಿನ ಗಂಟುಗಳು ಊದಿಕೊಂಡಿದ್ದವು. ದೊಡ್ಡಪ್ಪನನ್ನು ನೋಡಿದವರೇ ಬಾಗಿಲ ಚಿಲಕ ಹಿಡಿದುಕೊಂಡು ನಿಂತರು.

"ನೀವು ನಿಂತಿದ್ದನ್ನ ನಾನು ನೋಡೇ ಇರ್ಲಿಲ್ಲ," ಎಂದರು. "ಇಷ್ಟು ಎತ್ತರ ಇದ್ದೀರಾ!"

ಒಳಗೆ ಕೂರಿಸಿದರು. ಅವರ ಅತ್ತಿಗೆ ಬಂದು ನಮ್ಮನ್ನೊಮ್ಮೆ ಅಳೆದು, ಟೀ ಇಟ್ಟು ಹೋದರು. ದೊಡ್ಡಪ್ಪ ಲೋಟ ಮುಟ್ಟಲಿಲ್ಲ.

"ಇಪ್ಪತ್ತನೇ ಹಾಳೆ ನಿಮ್ಮ ಹತ್ರ ಇತ್ತು," ಎಂದರು.

ಮೇಡಂ ಮುಖದಿಂದ ನಗು ಇಳಿಯಿತು. "ಹೂಂ."

"ಕೊನೇದು ತಪ್ಪಾಯ್ತಾ? ಇಲ್ಲಾ ನೋಡದೆ ಬಿಟ್ಟೋಯ್ತಾ?"

"ತಪ್ಪೂ ಆಗ್ಲಿಲ್ಲ, ಬಿಟ್ಟೂ ಹೋಗ್ಲಿಲ್ಲ. ಸೊನ್ನೆ ಬಂತು. ನಂಬೋಕಾಗದೆ ಮತ್ತೆ ಮತ್ತೆ ಮಾಡಿ ನೋಡ್ದೆ. ಇನ್ನೊಂದು ತುಂಡು ಇದೆಯಲ್ಲ, ಒಂದು ಲಕ್ಷದ ನಾಲ್ಕು ಸಾವಿರದ ಏಳುನೂರ ಇಪ್ಪತ್ತೊಂಬತ್ತು, ಅದು ಒಡೆಯುತ್ತಾ ಅಂತಲೂ ನೋಡ್ದೆ. ಅದು ಒಡೆಯಲ್ಲ."

"ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಹೇಳಿದ್ರೆ ಅವತ್ತೇ ಮುಗಿದ್ಹೋಗ್ತಿತ್ತಲ್ರೀ. ಮಾರನೇ ದಿನದಿಂದ ಲಿಫ್ಟಲ್ಲಿ ಏನ್ ಮಾತಾಡ್ಬೇಕಿತ್ತು ನಾವು? ಸೆಕೆ ಜಾಸ್ತಿ ಅಂತಾನಾ? ಬೆಳಿಗ್ಗೆ ಹೇಳ್ಬೇಕು ಅಂತಲೇ ಬಂದೆ. ನೀವು 'ಏನಾದ್ರೂ ಸಿಕ್ತಾ' ಅಂದ್ರಿ. ನನ್ನ ಬಾಯಲ್ಲಿ ಇಲ್ಲ ಅಂತ ಬಂತು. ಆಮೇಲೆ ಕೊಟ್ಟ ಹಾಳೆಗಳಲ್ಲಿ ಭಾಗಿಸೋಕೂ ಹೋಗ್ಲಿಲ್ಲ. ಸುಮ್ನೆ ಗೀಟು ಹಾಕಿ ತರ್ತಿದ್ದೆ."

ಹೇಳುತ್ತ ಅವರಿಗೆ ಸಣ್ಣಗೆ ನಗು ಬಂತು. ದೊಡ್ಡಪ್ಪ ನಗಲಿಲ್ಲ.

"ಹೊರಟ ದಿನಾನಾದ್ರೂ ಹೇಳ್ಬಹುದಿತ್ತು."

"ಅದನ್ನ ಹೇಳೋಕೇ ಬಾಯಿ ತೆಗೆದೆ. ಜರುಗಿ ಜರುಗಿ ಅಂದ್ರು. ಹೋಗ್ಲಿ, ನಾನಿಲ್ದೆ ನೀವೂ ನಿಲ್ಲಿಸಿಬಿಡ್ತೀರಿ ಅಂದ್ಕೊಂಡೆ."

"ನಿಲ್ಲಿಸ್ಲಿಲ್ಲ. ಕೊನೇ ತನಕ ಹೋದೆ. ಎಲ್ಲಾ ಹಾಳೆ ಒಬ್ನೇ ಮಾಡ್ದೆ." ದೊಡ್ಡಪ್ಪನ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಆಗೊಮ್ಮೆ ಮಾತ್ರ. "ನೀವು ಯಾವತ್ತಾದ್ರೂ ಬಂದ್ರೆ ಹೇಳೋಕೆ ಏನಾದ್ರೂ ಇರ್ಲಿ ಅಂತ ಮಾಡ್ದೆ."

ಒಳಗಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಅತ್ತಿಗೆ ಕಿವಿಗೊಟ್ಟಿದ್ದರು ಅನ್ನಿಸುತ್ತದೆ. ಮೇಡಂ ಟೀ ಲೋಟವನ್ನು ದೊಡ್ಡಪ್ಪನ ಕಡೆ ಸರಿಸಿ, "ಇನ್ನೊಂದು ತಗೊಳ್ಳೋಣ್ವಾ? ಬೇರೆ ಸಂಖ್ಯೆ. ಈ ಸಲ ನಿಜವಾಗ್ಲೂ ಮಾಡ್ತೀನಿ," ಎಂದರು.

"ಈಗ ಎಲ್ಲಾ ಇವಳ ಫೋನಲ್ಲಿ ಬರುತ್ತೆ," ಎಂದು ದೊಡ್ಡಪ್ಪ ನನ್ನ ಭುಜ ಹಿಡಿದು ಎದ್ದರು. "ಬೇಡ."

ಬಾಗಿಲವರೆಗೆ ಬಂದ ಮೇಡಂ ನನ್ನ ಕೈಯನ್ನೊಮ್ಮೆ ಒತ್ತಿದರು. ಮತ್ತೆ ಬನ್ನಿ ಎಂದು ಹೇಳುವ ಧೈರ್ಯ ಅವರಿಗೆ ಆಗಲಿಲ್ಲ.

ಮನೆಗೆ ಬಂದ ಮೇಲೆ ದೊಡ್ಡಪ್ಪ ಮೊದಲಿನಂತೆಯೇ ಮೌನವಾದರು. ಗೇಟಿನ ಕೆಲಸಕ್ಕೆ ಹೋಗಿ ಬರುತ್ತಿದ್ದರು, ಆಮೇಲೆ ಅದರಿಂದಲೂ ನಿವೃತ್ತರಾದರು. ಹಿತ್ತಾಳೆ ತಗಡು ಮಂಚದ ಕೆಳಗೆ ಸೇರಿತು. ವರ್ಷ ತಿರುಗುವಷ್ಟರಲ್ಲಿ ಅವರ ಸಿಟ್ಟು ಇಳಿದಿತ್ತು ಎಂಬುದು ನನಗೆ ತಿಳಿದದ್ದು ಒಂದು ಸಂಜೆ, ಅವರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಾಗ.

"ಆ ಫೋನಿಗೂ ಆಗದಂಥ ಸಂಖ್ಯೆ ಇದೆಯೇನೇ?"

"ಇದೆ ದೊಡ್ಡಪ್ಪ. ನೂರಾರು ಅಂಕೆ ಇರೋವು. ಎರಡು ದೊಡ್ಡ ದೊಡ್ಡ ಅವಿಭಾಜ್ಯ ತಗೊಂಡು ಗುಣಿಸಿಬಿಟ್ರೆ, ಗುಣಿಸೋದು ಸುಲಭ, ವಾಪಸ್ ಬಿಡಿಸೋದು ಎಂಥಾ ಯಂತ್ರಕ್ಕೂ ಆಗಲ್ಲ ಅಂತಾರೆ."

ಅವರು ತಲೆಯಾಡಿಸಿದರು. "ಬರೆಯೋಕೇ ಒಂದು ದಿನ ಬೇಕು. ಅಷ್ಟು ದೊಡ್ಡದು ನಮಗೆ ಬೇಡ."

ನಮಗೆ ಎಂದರು. ಫೋನಿನ ವಿಷಯ ಮರೆತುಬಿಡೋಣ ಎಂದು ಅವರೇ ತೀರ್ಮಾನಿಸಿಕೊಂಡರು. ಒಂದು ಹಳೆಯ ಬಸ್ ಟಿಕೆಟ್ಟಿನ ಮೇಲಿದ್ದ ಸಂಖ್ಯೆಯನ್ನು ಆರಿಸಿದರು. ಅದನ್ನು ನನಗೆ ತೋರಿಸಲಿಲ್ಲ, ನಾನು ಒತ್ತಿ ನೋಡಿಬಿಟ್ಟೇನೆಂದು. ಭಾನುವಾರ ಮತ್ತೆ ಎರಡು ಬಸ್ಸು ಬದಲಿಸಿ ಹೋದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಹೆಂಗಸು ಒಣಗಿದ ಬಟ್ಟೆ ತೆಗೆಯುತ್ತ ಹೇಳಿದರು: "ಅವರು ಖಾಲಿ ಮಾಡಿ ಹೋದ್ರಲ್ಲಮ್ಮ. ಮಗನಿಗೆ ಬೇರೆ ಊರಲ್ಲಿ ಕೆಲಸ ಆಯ್ತು, ಎಲ್ಲರೂ ಹೊರಟ್ರು."

"ಅವರ ತಂಗಿ?" ಎಂದರು ದೊಡ್ಡಪ್ಪ.

"ಅವರನ್ನೂ ಕರ್ಕೊಂಡು ಹೋದ್ರು. ಅವರಿಗೆ ಮನಸ್ಸಿರ್ಲಿಲ್ಲ ಅನ್ಸುತ್ತೆ. ಆದ್ರೆ ಒಬ್ಬರೇ ಎಲ್ಲಿ ಇರೋಕಾಗುತ್ತೆ?"

ಯಾವ ಊರು ಎಂದು ಅವರಿಗೆ ತಿಳಿದಿರಲಿಲ್ಲ. ಫೋನ್ ನಂಬರೂ ಇರಲಿಲ್ಲ. ಮನೆಯ ಮಾಲೀಕರ ಲೆಕ್ಕ ತೀರಿಸಲು ಆ ಮನೆಯವರು ಯಾವತ್ತಾದರೂ ಬರಬಹುದು ಎಂದರು. "ಯಾರು ಬಂದಿದ್ರು ಅಂತ ಹೇಳ್ಲಿ?"

ದೊಡ್ಡಪ್ಪ ಬೀಗದ ಕಡೆ ನೋಡುತ್ತ ನಿಂತರು. ಆಮೇಲೆ, "ಲಿಫ್ಟಿನವರು ಅಂತ ಹೇಳಿ. ಅವತ್ತು ಕೇಳಿದ್ದಕ್ಕೆ ಹೂಂ ಅಂದ್ರು ಅಂತ ಹೇಳಿ, ಸಾಕು. ಅವರಿಗೆ ಗೊತ್ತಾಗುತ್ತೆ."

"ಹೂಂ ಅಂದ್ರು ಅಂತ," ಎಂದು ಆ ಹೆಂಗಸು ಮತ್ತೊಮ್ಮೆ ಹೇಳಿಕೊಂಡರು, ಮರೆಯದಿರಲೆಂದು.

ಆ ಕಡೆಯಿಂದ ಯಾವ ಸುದ್ದಿಯೂ ಬರಲಿಲ್ಲ. ನಾನು ಗುಮಾಸ್ತರನ್ನು ಕೇಳಿದೆ, ಹಳೆಯ ಕಚೇರಿಗೂ ಹೋಗಿ ವಿಚಾರಿಸಿದೆ. ಅವರ ಬಳಿ ಇದ್ದದ್ದು ಅದೇ ಬೀಗ ಬಿದ್ದ ಮನೆಯ ವಿಳಾಸ. ಟಿಕೆಟ್ಟಿನ ಸಂಖ್ಯೆಯನ್ನು ದೊಡ್ಡಪ್ಪ ಒಬ್ಬರೇ ಕೆಲವು ವಾರ ಹಿಡಿದು ಕೂತರು. ಮುನ್ನೂರು ದಾಟಿದ ಮೇಲೆ ಒಂದು ದಿನ ಪೆನ್ಸಿಲ್ ಕೆಳಗಿಟ್ಟು, "ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು," ಎಂದರು. ಮತ್ತೆ ಎತ್ತಿಕೊಳ್ಳಲಿಲ್ಲ.

ಇತ್ತೀಚೆಗೆ ಸಂಜೆಯಾದರೆ ಕೋಣೆಯಿಂದ ಹೊರಗೆ ಬಂದು ಅಡಿಗೆಮನೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಳ್ಳುತ್ತಾರೆ, ಕಾಲು ಮುಂದಕ್ಕೆ ಚಾಚಿಕೊಂಡು. ಅಮ್ಮ ತರಕಾರಿ ಹೆಚ್ಚುತ್ತಿರುತ್ತಾಳೆ. ಮೊದಮೊದಲು ಅವಳಿಗೆ ಮುಜುಗರವಾಗುತ್ತಿತ್ತು, ಏನಾದರೂ ಬೇಕೇ ಎಂದು ಕೇಳುತ್ತಿದ್ದಳು. ಏನೂ ಬೇಡ, ಇಲ್ಲೇ ಕೂತಿರ್ತೀನಿ ಎನ್ನುತ್ತಿದ್ದರು. ಈಗ ಅವಳು ಕೇಳುವುದಿಲ್ಲ. ಅವರೂ ಮಾತಾಡುವುದಿಲ್ಲ. ಅಡಿಗೆ ಮುಗಿಯುವವರೆಗೆ ಕೂತಿದ್ದು, ಊಟ ಮಾಡಿ, ತಮ್ಮ ಕೋಣೆಗೆ ಹೋಗುತ್ತಾರೆ.